ಎಂಟನೇ ಕ್ಲಾಸಿನಿಂದ ಚಾಲೂ ಮಾಡಿದ ಮೋಟರು

ನಾನು ಹುಟ್ಟಿ ಬೆಳೆದದ್ದು ಪಾಲಬಾವಿ ಕಡೆ. ಸಾಲಿ ಕಲಿಯುವಾಗ ಅಪ್ಪ ಬಾವಿಯ ಮೇಲಿನ ಇಂಜಿನ್ ಹಚ್ಚಿದರೆ ಕ್ಲಾಸಿನಲ್ಲಿ ಕೂತ ನನಗೆ ಕೇಳುತ್ತಿತ್ತು. ಸುತ್ತಲಿನ ಇಂಜಿನ್ನುಗಳಲ್ಲಿ ನಮ್ಮದು ಯಾವುದೆಂದು ಸದ್ದಿನ ಮೇಲೆಯೇ ಗೊತ್ತು. ನಮ್ಮದು ನಡುನಡುವೆ ಕೆಮ್ಮುತ್ತಿತ್ತು. ಕೆಮ್ಮು ನಿಂತು ಸದ್ದು ಒಂದೇ ಸಮ ಆಯಿತೆಂದರೆ ನೀರು ಬಿತ್ತು ಎಂದು ಲೆಕ್ಕ. ಆಮೇಲೆ ನಾನು ಪಾಠ ಕೇಳುತ್ತಿದ್ದೆ.

ಈಗ ಹೊಲಗಳಲ್ಲಿ ಆ ಸದ್ದಿಲ್ಲ. ಬೋರು, ಬಾವಿ ಎಲ್ಲ ಕಡೆ ಕರೆಂಟಿನ ಮೋಟರು. ಅದನ್ನು ಚಾಲೂ ಮಾಡಲು ಹೊಲಕ್ಕೆ ಹೋಗಬೇಕಂತಲೂ ಇಲ್ಲ, ಫೋನ್ ಹಚ್ಚಿದರೆ ಆಯಿತು. ಇದು ನನಗೆ ಗೊತ್ತಾದದ್ದು ನಾನೀಗ ಕಲಿಸುವ ಶಿರಗುಪ್ಪಿ ಹತ್ತಿರದ ಸಾಲಿಯ ಎಂಟನೇ ಕ್ಲಾಸಿನಲ್ಲಿ.

ಅವತ್ತು ಮನೆಯ ಡಿಜಿಟಲ್ ಸಾಮಾನುಗಳ ಪಾಠ. ಪುಸ್ತಕದ ಚಿತ್ರ ತೋರಿಸಿ ಏನು ಹೇಳುವುದೆಂದು, ಮನೆಯಿಂದ ಒಂದೊಂದು ತರ್ರಿ ಅಂದಿದ್ದೆ. ಸೋಮವಾರ ಮುಂಜಾನೆ ನನ್ನ ಟೇಬಲ್ ಸಂತೆಯಾಗಿತ್ತು. ಕ್ಯಾಲ್ಕುಲೇಟರ್, ಜ್ವರ ನೋಡುವ ಕಡ್ಡಿ, ಅಜ್ಜನ ಬಿ.ಪಿ. ಮಷಿನ್, ಬೆಲ್ಟ್ ಹರಿದ ಗಡಿಯಾರ. ಒಬ್ಬ ಅಜ್ಜಿಯ ಟಿ.ವಿ. ರಿಮೋಟ್ ತಂದಿದ್ದ.

"ಲಗೂ ಪಾಠ ಮುಗಸ್ರಿ ಅಕ್ಕೋರ, ಮಧ್ಯಾಹ್ನ ಆಯೀದು ಧಾರಾವಾಹಿ ಐತಿ. ರಿಮೋಟ್ ಇಲ್ಲಂದ್ರ ಸಾಲಿಗೇ ಬರ್ತಾಳ ಆಕಿ."

ಎರಡನೇ ಸಾಲಿನಲ್ಲಿ ಕೂಡುವ, ಕೇಳಿದ್ದಕ್ಕಷ್ಟೇ ಮಾತಾಡುವ ಹುಡುಗಿಯೊಬ್ಬಳು ಬಟನ್ನಿನ ಫೋನ್ ತಂದಿದ್ದಳು. ಅಂಕಿಗಳೆಲ್ಲ ಸವೆದಿದ್ದವು. "ಇದು ನಮ್ಮ ಮೋಟರ್ ಚಾಲೂ ಮಾಡೂ ಫೋನ್ರಿ" ಅಂದಳು. ಮಧ್ಯಾಹ್ನದ ಊಟದ ನಂತರ ಪಾಠ. ಅಲ್ಲಿಯವರೆಗೆ ಎಲ್ಲ ಅಲ್ಲೇ ಟೇಬಲ್ ಮೇಲಿರಲಿ ಅಂದೆ.

ಊಟವಾದ ಮೇಲೆ ಬೋರ್ಡಿನ ಮೇಲೆ ಮೂರು ಚೌಕ ಬರೆದೆ. ಮೊದಲನೆಯದು ನಾವು ಕೊಡುವುದು, ನಡುವಿನದು ಯಂತ್ರ ಮಾಡುವುದು, ಮೂರನೆಯದು ನಮಗೆ ಸಿಗುವುದು. ಕ್ಯಾಲ್ಕುಲೇಟರ್ ಮುಗಿದು ಬಿ.ಪಿ. ಮಷಿನ್ ನನ್ನದೇ ತೋಳಿಗೆ ಕಟ್ಟಿಕೊಂಡಿದ್ದೆ. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕಾಲಿಗೆ ಮಣ್ಣು, ಕೈಯಲ್ಲಿ ಸಲಿಕೆ. ಸಲಿಕೆಯನ್ನು ಹೊರಗೆ ಗೋಡೆಗೆ ಆನಿಸಿ, ಸೆರಗು ಸರಿ ಮಾಡಿಕೊಂಡು ಒಳಗೆ ಇಣುಕಿದಳು.

"ಅಕ್ಕೋರ್ರಿ, ನಮ್ಮ ಫೋನ್ ಇಲ್ಲಿ ಐತೇನ್ರಿ?"

ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. ಮುಖ ಕಪ್ಪಿಟ್ಟಿತ್ತು.

"ಏ ಹುಚ್ಚಿ! ಕರೆಂಟ್ ಬಂದು ಎಷ್ಟೊತ್ತಾತು, ನಾ ಮನೀ ಎಲ್ಲಾ ಹುಡಿಕೀನಿ."

"ಕರೆಂಟ್ ರಾತ್ರಿ ಬರ್ತೈತಿ ಅಲ್ಲಬೇ?"

"ಹ್ವಾದ ವಾರ ರಾತ್ರಿ. ಇವತ್ತಿಂದ ಹಗಲಿ."

ನಮ್ಮ ಕಡೆ ಹೊಲದ ಕರೆಂಟು ಒಂದು ವಾರ ರಾತ್ರಿ ಬಂದರೆ ಇನ್ನೊಂದು ವಾರ ಹಗಲು. ಹುಡುಗಿಗೆ ಸೋಮವಾರ ಅದು ಬದಲಾಗುತ್ತದೆಂಬುದೇ ಮರೆತಿತ್ತು. ತಾಯಿ ನನಗೆ ಉಳಿದದ್ದು ಹೇಳಿದಳು. ಒಂದೇ ಬಾವಿ, ಇವರದೊಂದು ಮೋಟರು, ಭಾವನದೊಂದು. ನಾಲ್ಕು ದಿನ ಅವರ ಪಾಳಿ, ನಾಲ್ಕು ದಿನ ಇವರ ಪಾಳಿ. ಇವತ್ತು ಇವರ ಪಾಳಿಯ ಕಡೆಯ ದಿನ. ಹೊಸದಾಗಿ ಹಚ್ಚಿದ ಕಬ್ಬು ಈಗಷ್ಟೇ ಮೊಳಕೆ ಒಡೆದಿತ್ತು, ಅದರ ಕಡೆಯ ಸಾಲುಗಳಿಗೆ ಇನ್ನೂ ನೀರು ಹೋಗಿರಲಿಲ್ಲ. ಇವತ್ತು ನೀರು ಮುಟ್ಟದಿದ್ದರೆ ಭಾವನ ಪಾಳಿ ಮುಗಿಯುವುದರೊಳಗೆ ಒಣಗುತ್ತಿತ್ತು.

"ಕೈಲೆ ಒತ್ತಿ ಚಾಲೂ ಮಾಡಾಕ ಬರೂದಿಲ್ಲೇನ್ರಿ?" ಅಂದೆ.

"ಮೋಟರಿನ ಪೆಟಿಗಿಗೆ ಕೀಲಿ ಹಾಕೇತ್ರಿ. ಕೀಲಿಕೈ ನಮ್ಮ ಮನಿಯವರ ಉಡದಾರದಾಗ. ಇವರು ಟ್ರ್ಯಾಕ್ಟರ್ ತಗೊಂಡು ಫ್ಯಾಕ್ಟರೀಗಿ ಹೋಗ್ಯಾರ, ಕಬ್ಬು ಇಳಸಾಕ. ಬ್ಯಾರೇ ಫೋನಿಂದ ಹಚ್ಚಿದ್ರ ಆ ಪೆಟಿಗಿ ಎತ್ತೂದಿಲ್ರಿ. ಅದಕ್ಕ ಇದೊಂದ ಫೋನ್ ಗುರ್ತು."

ಫೋನ್ ಕೈಗೆತ್ತಿಕೊಂಡೆ. ಪರದೆ ಕರ್‍ರಗಿತ್ತು. ಯಾವ ಬಟನ್ ಒತ್ತಿದರೂ ಬೆಳಕಿಲ್ಲ. ಹಿಂದಿನ ಬೆಂಚಿನ ಕಡೆ ನೋಡಿದೆ. ಎಲ್ಲರೂ ಒಮ್ಮೆಲೇ ಪುಸ್ತಕ ಓದತೊಡಗಿದರು.

"ಯಾರು ಆಡಿದ್ರಿ?"

"ಹಾವಿನ ಆಟ ರೀ ಅಕ್ಕೋರ. ನಾ ಒಮ್ಮೆ ಅಷ್ಟ ಆಡೀನ್ರಿ. ಇಂವಾ ಊಟದ ಸೂಟಿ ತುಂಬ ಆಡ್ಯಾನ್ರಿ."

"ಸುಳ್ಳ ರೀ! ಹಾವು ಉದ್ದಾಗಿದ್ದು ಇವನ ಕೈಯಾಗ."

ಸಣ್ಣ ಪಿನ್ನಿನ ಚಾರ್ಜರ್ ಈಗ ಯಾರ ಹತ್ತಿರ ಇರುತ್ತದೆ? ಸಾಲಿಯ ಸಿಪಾಯಿ ಮಾಮಾನ ಹತ್ತಿರ ಇತ್ತು. ಕ್ಲಾಸಿನಲ್ಲಿ ಇದ್ದ ಒಂದೇ ಪ್ಲಗ್ಗಿಗೆ ಹಾಕಿದೆವು. ಅದು ಸಡಿಲ. ಹಾವಿನ ಆಟದವರಲ್ಲೇ ಒಬ್ಬನನ್ನು ಚಾರ್ಜರ್ ಒತ್ತಿ ಹಿಡಿಯಲು ನಿಲ್ಲಿಸಿದೆ. ತಾಯಿ ಬೆಂಚಿನ ತುದಿಗೆ ಕೂತಳು, ಅರ್ಧ ಕೂತ ಹಾಗೆ, ಅರ್ಧ ಎದ್ದ ಹಾಗೆ. ಹುಡುಗಿ ತಲೆ ಎತ್ತಲಿಲ್ಲ. ಅವಳ ಕಣ್ಣೀರು ಕಂಡ ತಾಯಿಯೇ ಮಾತು ತಿರುಗಿಸಿದಳೆಂದು ನನಗೀಗ ಅನಿಸುತ್ತದೆ.

"ಅದೇನ್ರಿ ಅಕ್ಕೋರ, ಬೋರ್ಡಿನ ಮ್ಯಾಲ ಕಿಡಕಿ ಬರದೀರಿ?"

"ಕಿಡಕಿ ಅಲ್ಲಬೇ," ಹುಡುಗಿ ಮೂಗು ಒರೆಸಿಕೊಂಡಳು. ಎದ್ದು ಹೋಗಿ ಮೊದಲ ಚೌಕದ ಮೇಲೆ ಬೆರಳಿಟ್ಟಳು. "ಇದು ನಾವು ಫೋನ್ ಹಚ್ಚೂದು. ಇದು ಹೊಲದಾಗಿನ ಪೆಟಿಗಿ, ನಂಬರ್ ಗುರ್ತು ಹಿಡದು ಮೋಟರ್‌ಗೆ ಹೇಳ್ತೈತಿ." ಮೂರನೆಯ ಚೌಕಕ್ಕೆ ಬಂದು ಬೆರಳು ಹಿಂದಕ್ಕೆ ತೆಗೆದಳು.

ಅಷ್ಟರಲ್ಲಿ ಫೋನು ಟಿಂವ್ ಎಂದಿತು. ಬ್ಯಾಟರಿಯ ಒಂದು ಕಡ್ಡಿ ಬಂದಿತ್ತು. ತಾಯಿ ಓಡಿ ಬಂದು, ಅಂಕಿ ನೋಡದೆ, ಬೆರಳಿನ ಗುರ್ತಿನ ಮೇಲೆಯೇ ಒಂದು ಬಟನ್ ಒತ್ತಿ ಹಿಡಿದಳು. ಎಲ್ಲರಿಗೂ ಕೇಳಲೆಂದು ನಾನು ಸ್ಪೀಕರ್ ಹಾಕಿದೆ. ರಿಂಗ್ ಹೋಯಿತು. ಮತ್ತೆ ಹೋಯಿತು. ರಿಮೋಟಿನವನೂ ಮುಂದೆ ಬಗ್ಗಿದ. ಆಮೇಲೆ ಮಿರಜದಿಂದ ತಂದ ಆ ಪೆಟ್ಟಿಗೆ ಮರಾಠಿಯಲ್ಲಿ ಹೇಳಿತು: "ಮೋಟರ ಚಾಲೂ ಝಾಲಿ ಆಹೇ." ಮೋಟರು ಚಾಲೂ ಆಗಿದೆ ಅಂತ.

ಕ್ಲಾಸು ಹೋ ಎಂದು ಚೀರಿತು. ಪಕ್ಕದ ಕ್ಲಾಸಿನಿಂದ ಹೆಡ್ ಸರ್ ಬಂದು, "ಏನಾತು, ಹಾವು ಹೊಂಟೈತೇನು?" ಅಂದರು. ಹುಡುಗರು ಬಿದ್ದು ಬಿದ್ದು ನಕ್ಕರು. ಸರ್‌ಗೆ ಯಾಕೆಂದು ತಿಳಿಯಲಿಲ್ಲ. ತಾಯಿ ಮಾತ್ರ ನಗಲಿಲ್ಲ. "ಅದು ಹಂಗ ಅಂತೈತ್ರಿ. ಒಮ್ಮೊಮ್ಮೆ ಮೋಟರ್ ತಿರಗತೈತಿ, ನೀರ ಎತ್ತೂದಿಲ್ಲ" ಎಂದು ಫೋನ್ ಸೆರಗಿಗೆ ಸಿಕ್ಕಿಸಿ, ಸಲಿಕೆ ಹೆಗಲಿಗಿಟ್ಟು ಹೊಲದ ದಾರಿ ಹಿಡಿದಳು. ಕಿಟಕಿಯಿಂದ ಎಲ್ಲರೂ ನೋಡಿದೆವು. ಅರ್ಧ ನಡಿಗೆ, ಅರ್ಧ ಓಟ.

ನಾನು ಮೂರನೆಯ ಚೌಕದಲ್ಲಿ "ಮೋಟರ್ ಚಾಲೂ" ಎಂದು ಬರೆಯಲು ಹೋದೆ.

"ಬ್ಯಾಡ್ರಿ ಅಕ್ಕೋರ," ಅಂದಳು ಹುಡುಗಿ. "ನಾಳೆ ಬರಿಯೂನ್ರಿ."

ಕಿವಿಗೊಟ್ಟು ನಿಂತೆ. ಮೋಟರಿನ ಸದ್ದು ಅಷ್ಟು ದೂರ ಬರುವುದಿಲ್ಲ ಎಂದು ಗೊತ್ತಿತ್ತು. ನಮ್ಮ ಅಪ್ಪನ ಇಂಜಿನ್ನು ಇದ್ದಿದ್ದರೆ ಇಷ್ಟೊತ್ತಿಗೆ ಕೆಮ್ಮಿ, ಹೇಳಿ, ಮುಗಿಸಿರುತ್ತಿತ್ತು. ಆ ರಾತ್ರಿ ಅನ್ನಕ್ಕಿಟ್ಟು ನಿಂತಾಗಲೂ ಅದೇ ಗುಂಗು, ನೀರು ಬಿತ್ತೋ ಇಲ್ಲವೋ.

ಮರುದಿನ ಕ್ಲಾಸಿನ ಬಾಗಿಲು ತೆಗೆಯುವ ಹೊತ್ತಿಗೆ ಆ ಹುಡುಗಿ ಪಾವಟಿಗೆಯ ಮೇಲೆ ಕೂತಿದ್ದಳು. ಪಾದ ತೊಳೆದುಕೊಂಡು ಬಂದಿದ್ದರೂ ಉಗುರಿನ ಸಂದಿಯಲ್ಲಿ ಕರಿಮಣ್ಣು ಹಸಿಯಾಗಿಯೇ ಇತ್ತು. ನೇರ ಬೋರ್ಡಿಗೆ ಹೋಗಿ, ಖಡು ತಗೊಂಡು, ನಾನು ಅಳಿಸದೆ ಬಿಟ್ಟಿದ್ದ ಮೂರನೆಯ ಚೌಕದಲ್ಲಿ ದಪ್ಪಗೆ ಬರೆದಳು: ಕಡೀ ಸಾಲಿಗೂ ನೀರ ಮುಟ್ಟಿತು.