ಮೆಟ್ಟಿಲು ಓದುತ್ತಿದ್ದ ಮಾಲಕಿ

ನೌಕರಿಗೆಂದು ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಗೆ ಬಂದು ನಾನು ಮೇಲಿನ ಕೋಣೆ ಹಿಡಿದಿದ್ದ ಮನೆಯ ಮಾಲಕಿ ಪೇಪರ್ ಓದುತ್ತಿರಲಿಲ್ಲ, ನನ್ನ ಮೆಟ್ಟಿಲು ಓದುತ್ತಿದ್ದರು. ಬೆಳಿಗ್ಗೆ ಗುಡಿಸಿದರೂ ಸಂಜೆಯೊಳಗೆ ಅದರ ಮೇಲೆ ಸಿಮೆಂಟ್ ಧೂಳು ಕೂತು, ಬಂದುಹೋದವರ ಹೆಜ್ಜೆಯೆಲ್ಲ ಮೂಡಿರುತ್ತಿತ್ತು.

“ನಮಗ್ಯಾಕ ಬೇಕ್ ಬಿಡವಾ,” ಎಂದೇ ಅವರು ಶುರುಮಾಡುವುದು. “ಆದ್ರ ನಿನ್ನೆ ಬಂದಾಂವನ ಬೂಟು ಭಾಳ ದೊಡ್ಡದ ಅದ.”

ಮುಂದಿನ ಸಲ ಆ ಬೂಟಿನವನಿಗೆ ನನ್ನ ಚಪ್ಪಲಿ ಹಾಕಿಸಿ ಹತ್ತಿಸಿದೆ.

“ನಮಗ್ಯಾಕ ಬೇಕ್ ಬಿಡವಾ. ಆದ್ರ ನಿನ್ನ ಹಿಮ್ಮಡಿ ಚಪ್ಪಲ್ ಬಿಟ್ಟು ಹೊರಗ ಬಂದದಲ್ಲ?”

ಒಂದು ಭಾನುವಾರ ಅವನು ನನ್ನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ, ಚಿಂಚೋಳಿಯಿಂದ ಅವ್ವ ಹೇಳದೆ ಕೇಳದೆ ಬಂದುಬಿಟ್ಟಳು. ಕಿಟಕಿಯಿಂದ ಕಂಡು ಅವನನ್ನು ಬಾಗಿಲ ಹಿಂದೆ ನಿಲ್ಲಿಸಿದೆ. ಅವ್ವ ಗೇಟು ಮುಟ್ಟುವಷ್ಟರಲ್ಲಿ ಮಾಲಕಿ ನನ್ನ ಬಾಗಿಲಲ್ಲಿದ್ದ ಬೂಟುಗಳನ್ನು ಸೆರಗಿನಡಿ ಸೇರಿಸಿ, ಮೆಟ್ಟಿಲು ಗುಡಿಸುತ್ತ ಇಳಿಯುತ್ತಿದ್ದರು.

“ಧೂಳ್ ಏಳಾಕತ್ತದ, ಬರ್ರಿ ಅಕ್ಕಾರ, ನಮ್ಮ ಮನ್ಯಾಗ ಕುಂದ್ರಿ.”

ನಾನು ಕೆಳಗಿಳಿದಾಗ ಅವ್ವ ಕೇಳುತ್ತಿದ್ದಳು: “ನಮ್ಮ ಹುಡುಗಿ ಕೋಣಿಗೆ ಯಾರ್ಯಾರು ಬರ್ತಾರ್ರಿ?”

“ನಮಗ್ಯಾಕ ಬೇಕ್ ಬಿಡ್ರಿ,” ಎಂದು ಮಾಲಕಿ ಚಹಾ ಸೋಸಿದರು. ಆ ಮಾತಿನ ಹಿಂದೆ ‘ಆದ್ರ’ ಬರದೇ ಹೋದದ್ದು ಅದೇ ಮೊದಲು.

ಅದು ಬಂದದ್ದು ಸಂಜೆ, ಅವ್ವನನ್ನು ಬಸ್ಸು ಹತ್ತಿಸಿ ಬಂದ ಮೇಲೆ. ಮಾಲಕಿ ಮೆಟ್ಟಿಲ ಧೂಳು ನೋಡುತ್ತ ನಿಂತಿದ್ದರು.

“ಆದ್ರ ಅಂವ ಬರಿಗಾಲಿಲೆ ಓಡ್ಯಾನವಾ. ಬೂಟು ನಮ್ಮ ಜ್ವಾಳದ ಡಬ್ಬಿ ಹಿಂದ ಅವ, ಒಯ್ಯಾಕ ಹೇಳು.”