ಮೂರನೆಯ ನುಡಿ ಒನಕೆಯಲ್ಲಿತ್ತು

ಸಿದ್ಧಕಟ್ಟೆಯ ಗುಡ್ಡೆಯ ಮೇಲೆ ಬೆಳಗಾಗಲು ಇನ್ನೂ ಮನಸ್ಸಿಲ್ಲ. ಡಿಸೆಂಬರಿನ ಮಂಜು ಅಂಗಳಕ್ಕಿಳಿದು ಕುಳಿತಿದೆ. ಮನೆಯೊಳಗಿನಿಂದ ಒನಕೆಯ ಸದ್ದು. ಅದರ ಜೊತೆಗೇ, ಅರೆನಿದ್ದೆಯಲ್ಲಿ ಯಾರೋ ಕರೆದಂತೆ, ಒಂದು ಕೊಂಕಣಿ ಹಾಡು. ಸೆವ್ರಿನ್ ಬಾಯಿ ಭತ್ತ ಕುಟ್ಟುತ್ತಿದ್ದಾರೆ. ಕೇಳುತ್ತ ನಿಂತವರಿಗೆ ಬಂದ ಕೆಲಸ ಮರೆತುಹೋಗುತ್ತದೆ, ನನಗಂತೂ ಮರೆತೇಹೋಯಿತು.

ಹಾಡು ಕ್ರಿಸ್ಮಸ್ಸಿನದು. ಇವರ ಅಜ್ಜಿಯ ಕಾಲದಲ್ಲಿ ಹಾರ್ಮೋನಿಯಂ ಇರಲಿಲ್ಲ. ಬಿದಿರಿನ ನಕ್ಷತ್ರ ಹಿಡಿದು, ಗುಮಟೆ ಬಾರಿಸುತ್ತ ಗಂಡಸರು ಮನೆಮನೆಗೆ ಹೋಗುತ್ತಿದ್ದರಂತೆ. ಕ್ರೈಸ್ತರ ಮನೆಯೇ ಆಗಬೇಕೆಂದಿರಲಿಲ್ಲ. ದೀಪ ಕಂಡ ಅಂಗಳಕ್ಕೆಲ್ಲ ಹಾಡು ಹೋಗುತ್ತಿತ್ತು. ಹೆಂಗಸರು ಹಾಡಿದ್ದು ಒರಳಿನ ಬಳಿ. “ಕಲಿಸಿದವರು ಯಾರೂ ಇಲ್ಲ. ಅಜ್ಜಿ ಕುಟ್ಟುವಾಗ ಹಾಡ್ತಿದ್ದರು, ಎದುರು ನಿಂತು ನಾನೂ ಕುಟ್ತಿದ್ದೆ. ಹಾಗೆ ಬಂತು,” ಎನ್ನುತ್ತಾರೆ.

ಗಂಡ ತೀರಿಕೊಂಡ ಮೇಲೆ ಆ ಒನಕೆಯೇ ಮನೆ ನಡೆಸಿತು. ಹೋದ ವರ್ಷ, 1963ರಲ್ಲಿ, ಊರಿಗೆ ಅಕ್ಕಿ ಮಿಲ್ಲು ಬಂತು. ಭತ್ತವೆಲ್ಲ ಅತ್ತ ತಿರುಗಿತು, ಒನಕೆ ಮೂಲೆ ಸೇರಿತು. ಈಗ ಸೆವ್ರಿನ್ ಬಾಯಿ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ.

ಈ ಸಲ ಇಗರ್ಜಿಯ ಹಾಡಿನ ತಂಡ ನಡೆಸುವ ಲಾದ್ರು ಮಾಸ್ತರಿಗೆ ಆ ಹಳೆಯ ಹಾಡು ಪೂರ್ತಿಯಾಗಿ ಬೇಕೆನಿಸಿತು. ಮೊದಲ ನುಡಿ ನಕ್ಷತ್ರದ್ದು, ಎರಡನೆಯದು ಮೂವರು ರಾಜರದ್ದು. ಅವೆರಡೂ ತಂಡಕ್ಕೆ ಗೊತ್ತು. ಹೆಂಗಸರು ಮಾತ್ರ ಹಾಡುತ್ತಿದ್ದ ಮೂರನೆಯದು ಉಳಿದಿರುವುದು ಸೆವ್ರಿನ್ ಬಾಯಿಯಲ್ಲಿ. ಕರೆಸಿ, ಕುರ್ಚಿ ಹಾಕಿ, ಹಾರ್ಮೋನಿಯಂನಿಂದ ಶ್ರುತಿ ಹಿಡಿದರು. ಒಂದು ಪದವೂ ಬರಲಿಲ್ಲ. ಮರುದಿನವೂ ಇಲ್ಲ. “ಕಣ್ಣೀರು ಬಂತು ಮಾರಾಯ್ರೆ. ಅಜ್ಜಿಯನ್ನು ದಾರಿಯಲ್ಲಿ ಎಲ್ಲೋ ಬಿಟ್ಟು ಬಂದ ಹಾಗಾಯ್ತು.”

ದಾರಿ ತೋರಿಸಿದವರು ನೆರೆಮನೆಯ ನೀಲಾವತಿಯಮ್ಮ, ವರ್ಷಗಟ್ಟಲೆ ಆ ಹಾಡು ಕೇಳುತ್ತಲೇ ಎದ್ದವರು. “ಕುರ್ಚಿಯಲ್ಲಿ ಕೂರಿಸಿದರೆ ಎಲ್ಲಿಂದ ಬರ್ತದೆ? ಅವರ ಕೈಗೆ ಒನಕೆ ಕೊಡಿ,” ಎಂದು ಗದರಿಸಿ, ಒಂದು ಬುಟ್ಟಿ ಭತ್ತ ತಂದಿಟ್ಟರು.

ಒನಕೆ ಬಿದ್ದದ್ದೇ ತಡ, ನುಡಿ ಬಂತು. ಮಾಸ್ತರಿಗೆ ಬಾಯಿಪಾಠ ಆಗುವಷ್ಟರಲ್ಲಿ ಅಕ್ಕಿ ಕುಟ್ಟಿ ಕುಟ್ಟಿ ಹಿಟ್ಟಾಗಿತ್ತು. ಅದೀಗ ಹಬ್ಬದ ತಿಂಡಿಗೆ ಹೋಗಿದೆ. ಅಂದಿನಿಂದ ತಂಡದ ಅಭ್ಯಾಸ ಬೆಳಗ್ಗೆ, ಇದೇ ಒರಳಿನ ಸುತ್ತ. ಹಾಡುವವರು ಮನೆಯಿಂದ ಭತ್ತ ತರಬೇಕು. ಮಿಲ್ಲಿನ ಸದ್ದು ಶುರುವಾಗುವ ಮೊದಲೇ ಹಾಡಿ ಮುಗಿಸುತ್ತಾರೆ.

ಆ ನುಡಿಯ ಅರ್ಥವೇನೆಂದು ಕೇಳಿದೆ. ಕೈ ನಿಲ್ಲಿಸದೆಯೇ ಹೇಳಿದರು: ರಾಜರು ಚಿನ್ನ ಇಟ್ಟು ಹೋದ ಮೇಲೆ, ಪಕ್ಕದ ಮನೆಯ ಅಕ್ಕಿ ಕುಟ್ಟುವ ಹೆಂಗಸು ಬಂದು ಬಾಣಂತಿ ಮರಿಯಮ್ಮನಿಗೆ ಬಿಸಿ ಗಂಜಿ ಕೊಟ್ಟಳು.

ಏನಾದರೂ ಆಸೆ ಉಂಟೋ ಎಂದೆ.

“ರಾಜರನ್ನು ಎಲ್ಲರೂ ಹಾಡ್ತಾರೆ. ನಾನು ಹೋದ ಮೇಲೆಯೂ ಇವಳನ್ನು ಬಿಡದೆ ಹಾಡಲಿ. ಆ ದಿನ ತಾಯಿಗೆ ಹಸಿವಾದೀತು ಅಂತ ನೆನೆಸಿದ್ದು ಇವಳೊಬ್ಬಳೇ ಅಲ್ವಾ?”