ಅವಸರ ತೆಗೆದ ಹಾಡು

ಇವತ್ತು ಬೆಳಿಗ್ಗೆ ಒಂದು ರೊಟ್ಟಿ ಸೀದುಹೋಯಿತು. ಹಾಲು ಕಾಯಿಸಿ, ಯಜಮಾನರಿಗೆ ಚಹಾ ಕೊಟ್ಟು, ದಿನದಂತೆ ರೊಟ್ಟಿಗೆ ಕೂತಿದ್ದೆ. ಒಂದು ಹಂಚಿನ ಮೇಲಿತ್ತು, ಇನ್ನೊಂದನ್ನು ಬಡಿಯುತ್ತಿದ್ದೆ. ಪಕ್ಕದ ಮನೆಯ ಹುಡುಗಿ ಮಾಳಿಗೆಯ ಮೇಲೆ ರೀಲ್ಸ್ ಮಾಡಲು ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡೊಂದನ್ನು ಹಚ್ಚಿದಳು. ಹೊಸ ಡ್ರಮ್ಮು ಕೂಡಿಸಿ ಅದನ್ನು ಮತ್ತಷ್ಟು ಓಡಿಸಿದ್ದರು. ಸಂತೆಯಲ್ಲಿ ಗೆಜ್ಜೆ ಕಳೆದುಕೊಂಡ ಹುಡುಗಿ, ಎದುರಿಗೆ ಬಂದ ಹುಡುಗರನ್ನೆಲ್ಲ ಕಳ್ಳರೆಂದು ರೇಗಿಸುವ ತುಂಟ ಹಾಡು. ಕೇಳುತ್ತಿದ್ದಂತೆ ನನ್ನ ಅಂಗೈ ತಾನಾಗಿಯೇ ನಿಧಾನವಾಯಿತು. ಸುಟ್ಟ ಜೋಳದ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ನಾನು ಜೇವರ್ಗಿಯ ಈ ಅಡುಗೆಮನೆ ಬಿಟ್ಟು ಆಳಂದಕ್ಕೆ, ತವರಿನ ಹಿತ್ತಲಿಗೆ ಹೋಗಿಯಾಗಿತ್ತು...

ಆ ಹಿತ್ತಲ ಗೋಡೆಯ ಆಚೆ ಬ್ಯಾಂಡಿನ ಚಾಚಾರ ಮನೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಮದುವೆ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ಅಲ್ಲೇ ಕಟ್ಟೆಯ ಮೇಲೆ ಕೂತು ರಿಯಾಜು. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳುವಾದ ಪಟ್ಟಿಯನ್ನು ಮೊದಲು ಬಾಯಲ್ಲಿ ನೆನೆಸುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಕಣ್ಣಲ್ಲೇ ಉತ್ತರ. ಅವರು ಶುರು ಮಾಡುವುದಕ್ಕೂ ಈಚೆ ಅವ್ವ ರೊಟ್ಟಿ ಬಡಿಯುವುದಕ್ಕೂ ಸರಿಹೋಗುತ್ತಿತ್ತು. ಇದೇ ಗೆಜ್ಜೆಯ ಹಾಡೆಂದರೆ ಅವ್ವನಿಗೆ ಪ್ರಾಣ.

"ಭಾಯ್, ಎಷ್ಟ ಓಡಿಸ್ತೀರಿ? ನನ್ನ ರೊಟ್ಟಿ ಹರ್ಯಾಕತ್ತಾವ!" ಎಂದು ಗೋಡೆಯ ಮೇಲಿಂದ ಕೂಗುತ್ತಿದ್ದಳು.

"ನೀ ಬಡದಂಗ ನಾ ಓಡ್ತೇನವ್ವ. ನೀನ ಸಾವಕಾಶ ಬಡಿ!"

ಕಾನ್ವೆಂಟಿನಲ್ಲಿ ನಮಗೆ ಸಿಸ್ಟರುಗಳು ಸಿನಿಮಾ ಹಾಡು ಗುನುಗಬಾರದೆಂದು ಹೇಳಿಕೊಟ್ಟಿದ್ದರು. ಹಾಡುಗಳನ್ನು ಕೇಳುವುದು ಹೇಗೆಂದು ನಾನು ಕಲಿತದ್ದು ಆ ಗೋಡೆಯ ಬುಡದಲ್ಲಿ. ಮೆರವಣಿಗೆಯ ಹಿಂದೆ ನಡೆಯುವಾಗಲೂ ನನ್ನ ಕಣ್ಣು ಚಾಚಾರ ಮೇಲೆಯೇ. ಹಿಂದಿನವರು ಕುಣಿಯುತ್ತಲೇ ಇರುತ್ತಿದ್ದರು, ಚಾಚಾ ಮಾತ್ರ ಓಣಿಯ ಬಾಗಿಲುಗಳನ್ನು ನೋಡುತ್ತ ಹಾಡು ಬದಲಿಸುತ್ತಿದ್ದರು. ಮಗಳ ಸಂಬಂಧ ಮುರಿದುಬಿದ್ದ ಮನೆಯ ಮುಂದೆ ಪ್ರೇಮದ ಹಾಡು ಬರುತ್ತಿರಲಿಲ್ಲ. ಹಾಸಿಗೆ ಹಿಡಿದ ಮುದುಕಿಯೊಬ್ಬಳ ಕಿಟಕಿಯ ಕೆಳಗೆ ಆಕೆಯ ಕಾಲದ ಹಾಡೊಂದು ಅರ್ಧ ನಿಮಿಷ ನುಸುಳಿಹೋಗುತ್ತಿತ್ತು. ವರನ ಗೆಳೆಯರಿಗೆ ಇದೊಂದೂ ತಿಳಿಯುತ್ತಿರಲಿಲ್ಲ. "ಚಾಚಾ, ಜೋರ್ ಹಚ್ಚ್ರಿ!" ಎಂದು ಕಿರುಚುತ್ತಲೇ ಇರುತ್ತಿದ್ದರು.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಳು. ಹೆಚ್ಚು ದಿನ ಉಳಿಯಲಿಲ್ಲ... ತೊಗರಿ ವ್ಯಾಪಾರದ ಅಪ್ಪ ಮಣ್ಣು ಮಾಡಿ ಬಂದ ದಿನವೂ ಕಣ್ಣೀರು ಹಾಕಲಿಲ್ಲ. ಆಮೇಲೆ ಅವಳ ಹೆಸರನ್ನೇ ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದರು. ನನ್ನ ಮದುವೆ ಗೊತ್ತಾದಾಗ ನನಗಿದ್ದ ಭಯ ಒಂದೇ: ನಾನೂ ಹೋದ ಮೇಲೆ ಈ ಮನುಷ್ಯ ಒಳಗೊಳಗೇ ಕಲ್ಲಾಗಿಬಿಡುತ್ತಾರೆ.

ಮದುವೆಯ ಬೆಳಿಗ್ಗೆ ಅಪ್ಪ ಚಾಚಾರನ್ನು ಕರೆದು ಹೇಳಿದರು, "ನೋಡ್ರಿ ಮಾಸ್ತರ, ಮಗಳನ್ನ ಕಳಸೂವಾಗ ನನ್ನ ಬಾಗಲದಾಗ ಅಳೂ ಹಾಡು ಬ್ಯಾಡ."

ಸೋದರತ್ತೆ ಬಾಯಿ ಹಾಕಿದಳು. "ಏ ಅಣ್ಣಾ, ಸುಮ್ಮ ಕಳಸಿದ್ರ ಶುಭ ಅಲ್ಲ. ಮಂದಿ ಏನಂದಾರು?"

"ಸುಮ್ಮ ಯಾಕ ಕಳಸೋದ್ರಿ," ಎಂದರು ಚಾಚಾ. "ನಗೂ ಹಾಡೇ ಬಾರಸ್ತೇನಿ, ಸಾವಕಾರ್ರ."

ಸಂಜೆ ಕಾರಿನ ಬಾಗಿಲು ತೆರೆಯಿತು. ಡೋಲಿನವರಿಗೆ ಚಾಚಾ ಕೈ ಅಡ್ಡ ಹಿಡಿದು, ಒಬ್ಬರೇ ಊದಿದರು. ಮೊದಲಿಗೆ ಯಾರಿಗೂ ಗುರುತು ಸಿಗಲಿಲ್ಲ. ಅದು ಗೆಜ್ಜೆಯ ಹಾಡೇ. ಆದರೆ ಅಷ್ಟು ನಿಧಾನ... ಒಂದೊಂದು ಸ್ವರವೂ ಹಿಂದಿನದನ್ನು ಬಿಟ್ಟುಹೋಗಲಾರದೆ ನಿಂತಂತಿತ್ತು. ಸಾವಿರ ಸಲ ಕೇಳಿದ್ದ ಹಾಡು. ಅದರೊಳಗಿನ ಹುಡುಗಿ ನಿಜವಾಗಿಯೂ ಏನನ್ನೋ ಕಳೆದುಕೊಂಡಿದ್ದಾಳೆ ಎಂಬುದು ನನಗೆ ಅವತ್ತೇ ಹೊಳೆದದ್ದು. ರೇಗಿಸುತ್ತ, ನಗುತ್ತ, ಸಂತೆಯಿಡೀ ಹುಡುಕುತ್ತಿದ್ದಾಳೆ, ಅದು ಸಿಗುವುದಿಲ್ಲ.

ಅಪ್ಪನ ಕೈ ಕಾರಿನ ಬಾಗಿಲ ಮೇಲಿತ್ತು. ಅಂಗೈ ಮೆಲ್ಲಗೆ ತಟ್ಟತೊಡಗಿತು. ಥಪ್... ಥಪ್... ರೊಟ್ಟಿ ಬಡಿಯುವ ಲಯ. ತಟ್ಟುತ್ತ ತಟ್ಟುತ್ತಲೇ ಅವರ ಭುಜಗಳು ಅಲುಗಿದವು. ಎಲ್ಲರ ಎದುರಿಗೆ, ಸಣ್ಣ ಹುಡುಗನಂತೆ ಅತ್ತರು. ನಾನು ಅವರ ಎದೆಗೆ ತಲೆಯಿಟ್ಟೆ. ಅವ್ವ ಹೋದ ಮೇಲೆ ಮೊದಲ ಸಲ ಅವಳ ಮಾತೆತ್ತಿ, "ಆಕಿ ಇರಬೇಕಿತ್ತು," ಎಂದರು.

ಆಮೇಲೆ ಕಣ್ಣೊರೆಸಿಕೊಳ್ಳುತ್ತ ಚಾಚಾರ ಕಡೆ ತಿರುಗಿದರು. "ಮಾಸ್ತರ, ನಗೂ ಹಾಡು ಬಾರಸ್ತೇನಂದಿದ್ರಿ."

"ನಗೂ ಹಾಡೇ ಅದ ರೀ, ಸಾವಕಾರ್ರ. ಅವಸರಾ ಅಷ್ಟ ತೆಗದೇನಿ."

ಆ ಬೆರಗು ನನ್ನಲ್ಲಿ ಇನ್ನೂ ಇಳಿದಿಲ್ಲ. ಈಗ ಯಾವ ಅಗ್ಗದ ಹಾಡು ಕಿವಿಗೆ ಬಿದ್ದರೂ ಅದರ ಅವಸರ ತೆಗೆದು ನೋಡುತ್ತೇನೆ. ಒಳಗೆ ಯಾರಾದರೂ ಕೂತಿರುತ್ತಾರೆ. ಚಾಚಾ ತೀರಿಕೊಂಡದ್ದು ನನಗೆ ತಡವಾಗಿ, ತವರಿಗೆ ಹೋದಾಗ ತಿಳಿಯಿತು. ಅಪ್ಪನೂ ಈಗಿಲ್ಲ. ಆ ಓಣಿಯ ಮದುವೆಗಳಿಗೆ ಡಿಜೆ ಬರುತ್ತದೆ, ಎಲ್ಲ ಬಾಗಿಲುಗಳ ಮುಂದೂ ಒಂದೇ ಹಾಡು.

ಇವತ್ತು ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ರೀಲ್ಸ್ ಹುಡುಗಿಯ ತಾಯಿ ಕಾಂಪೌಂಡಿನ ಆಚೆ ಮೆಂತ್ಯೆಪಲ್ಯದ ಎಲೆ ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು:

"ಇವತ್ತ ಮುಂಜಾನಿ ನಿಮ್ಮ ರೊಟ್ಟಿ ಸಪ್ಪಳ ಯಾಕೋ ಭಾಳ ಸಾವಕಾಶ ಇತ್ತಲ್ರೀ ಅಕ್ಕಾರ. ಜ್ವಾಳ ಬದಲ ಮಾಡೀರೇನು?"